ವಿಮಾನದ ಭಯ ಅವಿಶ್ವಾಸವೇ?



ನಮ್ಮ ಕ್ರೈಸ್ತ ಕುಟುಂಬಗಳಿಗೆ ವಿಮಾನ ಈಗ ಹೊಸ ಸಂಗತಿಯಲ್ಲ. ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಂತೂ ದುಬೈ, ಮಸ್ಕತ್, ಕುವೈತ್ ಎಂಬ ಹೆಸರುಗಳು ಎರಡು ಮೂರು ತಲೆಮಾರಿನಿಂದ ಪಕ್ಕದೂರಿನ ಹೆಸರುಗಳಂತೆ ಬಳಕೆಯಲ್ಲಿವೆ. ಬೆಂಗಳೂರು, ಮೈಸೂರು, ಚಿಕ್ಕಮಗಳೂರು ಕಡೆಯ ಎಷ್ಟೋ ಮಕ್ಕಳು ಹೊರದೇಶಗಳಲ್ಲಿ ನರ್ಸುಗಳಾಗಿ, ಇಂಜಿನಿಯರುಗಳಾಗಿ ದುಡಿಯುತ್ತಿದ್ದಾರೆ. ಮಗಳ ಬಾಣಂತನಕ್ಕೆ ತಾಯಿ ಹೋಗಬೇಕು, ಮೊಮ್ಮಗುವಿನ ಜ್ಞಾನಸ್ನಾನಕ್ಕೆ ಅಜ್ಜ ಬರಬೇಕು ಎಂಬ ಕರೆಗಳು ಬರುತ್ತಲೇ ಇರುತ್ತವೆ. ಟಿಕೆಟ್ಟನ್ನೂ ಮಕ್ಕಳೇ ಕಳಿಸುತ್ತಾರೆ. ಇಷ್ಟೆಲ್ಲ ಇದ್ದರೂ ವಿಮಾನ ಹತ್ತುವುದೆಂದರೆ ರಾತ್ರಿ ನಿದ್ದೆಗೆಡುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ನಿಮಗದು ಗೊತ್ತಿಲ್ಲದಿದ್ದರೆ ಆಶ್ಚರ್ಯವಿಲ್ಲ. ಅವರು ಅದನ್ನು ಯಾರಿಗೂ ಹೇಳಿಕೊಳ್ಳುವುದಿಲ್ಲ.

ಹೇಳಿಕೊಂಡರೆ ಸಿಗುವ ಉತ್ತರಗಳು ಎರಡೇ. ಮನೆಯವರು ನಗುತ್ತಾರೆ: "ಇಷ್ಟು ವಯಸ್ಸಾಯಿತು, ಇದೇನು ಚಿಕ್ಕ ಮಕ್ಕಳ ಹಾಗೆ?" ಪ್ರಾರ್ಥನಾಕೂಟದ ಗೆಳೆಯರು ಬುದ್ಧಿ ಹೇಳುತ್ತಾರೆ: "ದೇವರಲ್ಲಿ ಪೂರ್ಣ ವಿಶ್ವಾಸವಿಟ್ಟವರಿಗೆ ಭಯ ಯಾಕೆ?" ಮೊದಲನೆಯ ಮಾತು ಮುಖ ಬಾಡಿಸುತ್ತದೆ ಅಷ್ಟೆ. ಎರಡನೆಯದು ಒಳಗಿಳಿದು ಕುಳಿತು ಕೊರೆಯುತ್ತದೆ. "ಫಾದರ್, ಜಪಮಾಲೆ ಹಿಡಿದೇ ಕುಳಿತಿದ್ದೆ, ಆದರೂ ಕೈ ನಡುಗುವುದು ನಿಲ್ಲಲಿಲ್ಲ. ನನ್ನಲ್ಲಿ ವಿಶ್ವಾಸ ಇಲ್ಲ ಅಂತ ಅಲ್ಲವೇ?" ಎಂದು ಕೇಳಿದವರು ಒಬ್ಬಿಬ್ಬರಲ್ಲ. ಈ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಿಬಿಡದೆ ಇಲ್ಲಿ ಸ್ವಲ್ಪ ಕೂಲಂಕಷವಾಗಿ ನೋಡೋಣ.

ಸೆಮಿನರಿಯ ತತ್ವಶಾಸ್ತ್ರದ ತರಗತಿಗಳಲ್ಲಿ ಸಂತ ತೋಮಸ್ ಅಕ್ವಿನಾಸರ ಹೆಸರು ದಿನಕ್ಕೆ ಹತ್ತು ಸಲವಾದರೂ ಕಿವಿಗೆ ಬೀಳುತ್ತಿತ್ತು. ಅವರು 13ನೇ ಶತಮಾನದವರು. ವಿಮಾನದ ಮಾತಿರಲಿ, ರೈಲನ್ನೂ ಕಂಡವರಲ್ಲ. ಆದರೆ ತಮ್ಮ 'ಸುಮ್ಮಾ' ಗ್ರಂಥದಲ್ಲಿ ಭಯದ ವಿಷಯಕ್ಕೆ ಅವರು ಮೀಸಲಿಟ್ಟಿರುವ ಪುಟಗಳನ್ನು ಓದಿದರೆ, ಈ ಮಹಾನುಭಾವರು ವಿಮಾನದ ಕಿಟಕಿಯ ಪಕ್ಕ ಬೆವರುತ್ತಾ ಕುಳಿತವರನ್ನು ಕಂಡಿದ್ದರೇನೋ ಅನ್ನಿಸುತ್ತದೆ. ಭಯ ಎಂಬುದು ಒಂದು ಭಾವ, ಹಸಿವು ಬಾಯಾರಿಕೆಗಳಂತೆ ನಮ್ಮ ಅಪ್ಪಣೆ ಕೇಳದೆ ಏಳುವಂಥದ್ದು. ಅಂಥ ಭಾವವು ತನ್ನಷ್ಟಕ್ಕೆ ಪುಣ್ಯವೂ ಅಲ್ಲ, ಪಾಪವೂ ಅಲ್ಲ ಎನ್ನುವುದು ಅವರ ನಿಲುವು. ಅದನ್ನು ಬುದ್ಧಿ ಹೇಗೆ ನಡೆಸಿಕೊಳ್ಳುತ್ತದೆ ಎಂಬಲ್ಲಿಂದ ಮಾತ್ರ ಒಳಿತು ಕೆಡುಕಿನ ಲೆಕ್ಕ ಆರಂಭವಾಗುತ್ತದೆ. ಹಠಾತ್ತಾಗಿ ಬರುವ ಕೇಡನ್ನು, ಬಂದ ಮೇಲೆ ಸರಿಪಡಿಸಲಾಗದ ಕೇಡನ್ನು ಮನುಷ್ಯ ಹೆಚ್ಚು ಹೆದರುತ್ತಾನೆ ಎಂದೂ ಬರೆದಿದ್ದಾರೆ. ಬಸ್ಸು ಕೆಟ್ಟರೆ ರಸ್ತೆ ಬದಿಗೆ ನಿಲ್ಲಿಸಿ ಇಳಿಯಬಹುದು. ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಎಲ್ಲಿ ಇಳಿಯುವುದು? ಭಯಪಟ್ಟವನ ಮೈ ಯಾಕೆ ನಡುಗುತ್ತದೆ ಎಂಬುದನ್ನೂ ತೋಮಸರು ಬಿಡದೆ ಪ್ರತ್ಯೇಕವಾಗಿ ವಿಚಾರಿಸಿದ್ದಾರೆ. ಅದಕ್ಕೆ ಅವರು ಕೊಟ್ಟ ವೈದ್ಯಕೀಯ ಕಾರಣಗಳನ್ನು ಇಂದಿನ ಡಾಕ್ಟರುಗಳು ಒಪ್ಪಲಿಕ್ಕಿಲ್ಲ. ಆದರೆ ಕೈ ನಡುಗುವುದನ್ನು ಅವಿಶ್ವಾಸದ ಲಕ್ಷಣವೆಂದು ಅವರು ಎಣಿಸಲಿಲ್ಲ ಎಂಬುದನ್ನು ಗಮನಿಸಿ.

ಇನ್ನೊಂದು ಮಾತನ್ನೂ ಅವರು ಹೇಳುತ್ತಾರೆ: ಭಯ ಹುಟ್ಟುವುದು ಪ್ರೀತಿಯಿಂದ. ಪ್ರೀತಿಸದ ವಸ್ತು ಕಳೆದುಹೋದೀತೆಂದು ಯಾರೂ ಹೆದರುವುದಿಲ್ಲ. ಬದುಕನ್ನು, ಮಡದಿ ಮಕ್ಕಳನ್ನು ಪ್ರೀತಿಸುವ ಮನುಷ್ಯನಿಗೆ ಅವುಗಳನ್ನು ಕಳೆದುಕೊಳ್ಳುವ ಅಳುಕು ಇದ್ದೇ ಇರುತ್ತದೆ. ಯಾವುದಕ್ಕೂ ಹೆದರದೆ ಇರುವುದನ್ನು ಅವರು ದೋಷಗಳ ಪಟ್ಟಿಗೇ ಸೇರಿಸಿದ್ದಾರೆ! ಹೆಲ್ಮೆಟ್ ಇಲ್ಲದೆ ಬೈಕು ಓಡಿಸುವ ನಮ್ಮ ಯುವಕರು ಇದನ್ನು ಓದಿದರೆ ಒಳ್ಳೆಯದಿತ್ತು.

ಹಾಗೆಂದು ಭಯ ಹೇಳುವುದನ್ನೆಲ್ಲ ನಂಬಬೇಕೆಂದಲ್ಲ. ಭಯಗೊಂಡವನಿಗೆ ಕೇಡು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ ಎಂಬುದನ್ನೂ ತೋಮಸರು ಬಲ್ಲರು. ನಮ್ಮ ದೇಶದ ರಸ್ತೆಗಳಲ್ಲಿ 2022ರ ಒಂದೇ ವರ್ಷದಲ್ಲಿ ಸತ್ತವರು 1,68,000ಕ್ಕೂ ಹೆಚ್ಚು ಜನ. ಅದೇ 2017ರಲ್ಲಿ ಇಡೀ ಜಗತ್ತಿನಲ್ಲಿ ದೊಡ್ಡ ಪ್ರಯಾಣಿಕ ಜೆಟ್ ವಿಮಾನಗಳ ಅಪಘಾತದಲ್ಲಿ ಒಬ್ಬ ಪ್ರಯಾಣಿಕನೂ ಸಾಯಲಿಲ್ಲ. ಆದರೂ ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿಯ ತಿರುವುಗಳನ್ನು ನಾವು ಗೊರಕೆ ಹೊಡೆಯುತ್ತಾ ದಾಟುತ್ತೇವೆ. ಬಸ್ಸಿನಲ್ಲಿ ಡ್ರೈವರನ ಬೆನ್ನಾದರೂ ಕಾಣುತ್ತದೆ, ಬೇಕಾದರೆ ಕೂಗಿ ನಿಲ್ಲಿಸಬಹುದು ಎಂಬ ಧೈರ್ಯ. ವಿಮಾನದಲ್ಲಿ ಪೈಲಟ್ಟನ ಕೋಣೆಯ ಬಾಗಿಲು ಮುಚ್ಚಿರುತ್ತದೆ. ಮುಖ ನೋಡದವರ ಕೈಗೆ ಜೀವ ಒಪ್ಪಿಸಿ ಸುಮ್ಮನೆ ಕೂರಬೇಕು. ನಮ್ಮಲ್ಲಿ ಅನೇಕರನ್ನು ಕಾಡುವುದು ಸಾವಿಗಿಂತ ಹೆಚ್ಚಾಗಿ ಈ ಕೈಕಟ್ಟಿ ಕೂರುವ ಸ್ಥಿತಿಯೇ ಎಂದು ನನಗನ್ನಿಸುತ್ತದೆ. ಮನೆಯಲ್ಲಿ ಎಲ್ಲದಕ್ಕೂ ತಮ್ಮ ಮಾತೇ ನಡೆಯಬೇಕೆನ್ನುವ ಗಂಡಸರಲ್ಲಿ ಈ ಭಯವನ್ನು ನಾನು ಹೆಚ್ಚಾಗಿ ಕಂಡಿದ್ದೇನೆ.

ಭಯವನ್ನು ಬೆಳೆಸುವುದರಲ್ಲಿ ಅಜ್ಞಾನಕ್ಕೂ ಒಂದು ಪಾಲಿದೆ. ವಿಮಾನ ನೆಲ ಬಿಟ್ಟ ಕೂಡಲೇ ಕಾಲಡಿಯಲ್ಲಿ 'ಧಡ್' ಎಂದು ಸದ್ದಾಗುತ್ತದೆ. ಅದು ಚಕ್ರಗಳು ಮಡಚಿ ಒಳಗೆ ಹೋಗುವ ಸದ್ದು. ಸ್ವಲ್ಪ ಹೊತ್ತಿಗೆ ಇಂಜಿನಿನ ಮೊರೆತ ತಟ್ಟನೆ ಇಳಿಯುತ್ತದೆ, ಹೊಟ್ಟೆಯಲ್ಲಿ ಕೆಳಗೆ ಜಾರಿದ ಹಾಗಾಗುತ್ತದೆ. ಏರುವಾಗ ಬೇಕಿದ್ದ ಪೂರ್ಣ ಬಲ ಇನ್ನು ಬೇಡವೆಂದು ಪೈಲಟ್ ಅದನ್ನು ತಗ್ಗಿಸಿರುತ್ತಾರೆ, ವಿಮಾನ ಏರುತ್ತಲೇ ಇರುತ್ತದೆ. ರೆಕ್ಕೆಗಳು ಅಲುಗುವುದನ್ನು ಕಂಡು ಕಣ್ಣು ಮುಚ್ಚಿಕೊಳ್ಳುವವರಿದ್ದಾರೆ. ಅವು ಬಾಗಬೇಕೆಂದೇ ಮಾಡಿದ ರೆಕ್ಕೆಗಳು. ಹಾರಾಟದಲ್ಲಿ ಬರಬಹುದಾದ ಅತಿ ಹೆಚ್ಚಿನ ಭಾರದ ಒಂದೂವರೆ ಪಟ್ಟನ್ನು ತಡೆಯುತ್ತವೆ ಎಂದು ತೋರಿಸದೆ ಅಂಥ ವಿಮಾನಕ್ಕೆ ಅನುಮತಿಯೇ ಸಿಗುವುದಿಲ್ಲ. ಮೋಡಗಳ ನಡುವೆ ಕುಲುಕಾಟ ಬಂದಾಗ ವಿಮಾನ ಹಳ್ಳಕ್ಕೆ ಬಿದ್ದಂತೆ ತೋರಿದರೂ ಗಾಳಿಯಲ್ಲಿ ಹಳ್ಳಗಳಿಲ್ಲ. ಗಾಳಿಯ ಹರಿವು ಏರುಪೇರಾಗಿರುತ್ತದೆ ಅಷ್ಟೆ. ಆದರೆ ಬೆಲ್ಟು ಮಾತ್ರ ಬಿಚ್ಚಬೇಡಿ. 2024ರ ಮೇ ತಿಂಗಳಲ್ಲಿ ಲಂಡನ್ನಿನಿಂದ ಸಿಂಗಾಪುರಕ್ಕೆ ಹೊರಟಿದ್ದ ವಿಮಾನ ಇಂಥ ಕುಲುಕಾಟಕ್ಕೆ ಸಿಕ್ಕಿ ಅನೇಕರು ಗಾಯಗೊಂಡರು, ಒಬ್ಬ ಪ್ರಯಾಣಿಕರು ತೀರಿಕೊಂಡರು. ವಿಮಾನವೇನೋ ಬ್ಯಾಂಕಾಕಿನಲ್ಲಿ ಕ್ಷೇಮವಾಗಿ ಇಳಿಯಿತು.

ಇಷ್ಟು ಹೇಳಿದ ಮೇಲೆ, ಅಪಾಯವೇ ಇಲ್ಲವೆಂದು ನಿಮ್ಮನ್ನು ಸಮಾಧಾನಪಡಿಸಿದರೆ ಅದು ಸುಳ್ಳಾಗುತ್ತದೆ. ನಮ್ಮ ಕರಾವಳಿಯವರಿಗೆ ಆ ಸುಳ್ಳನ್ನು ಹೇಳಲೂ ಬರುವುದಿಲ್ಲ. 2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಬಂದ ವಿಮಾನ ಬಜಪೆಯ ಗುಡ್ಡದ ಮೇಲಿನ ರನ್‌ವೇಯಲ್ಲಿ ನಿಲ್ಲದೆ ಮುಂದೆ ಸಾಗಿ ಕಣಿವೆಗೆ ಬಿತ್ತು. ಒಳಗಿದ್ದ 166 ಜನರಲ್ಲಿ 158 ಮಂದಿ ಸತ್ತರು. ರಜೆಗೆಂದು ಊರಿಗೆ ಬರುತ್ತಿದ್ದವರು, ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡ ತಾಯಂದಿರು ಅವರಲ್ಲಿದ್ದರು. ಉಳಿದವರು ಎಂಟೇ ಜನ. ಕೂಳೂರಿನ ಬಳಿ ನದಿಯ ದಂಡೆಯಲ್ಲಿ ಸತ್ತವರ ನೆನಪಿನ ಉದ್ಯಾನವಿದೆ. ಅಪಘಾತದ ಕಾರಣವನ್ನು ತನಿಖೆ ಹೇಳಿದೆ: ಇಳಿಯುವ ಕ್ರಮ ತಪ್ಪಿದಾಗ ಮತ್ತೆ ಮೇಲೇರಬೇಕಿತ್ತು, ಜೊತೆ ಪೈಲಟ್ ಹಾಗೆಂದು ಹೇಳಿದರೂ ಕ್ಯಾಪ್ಟನ್ ಇಳಿಸಲು ಮುಂದಾದರು.

ಆ ದಿನಗಳಲ್ಲಿ ಜನ ಆಡಿಕೊಂಡ ಒಂದು ಮಾತು ನನ್ನನ್ನು ಇಂದಿಗೂ ಕಾಡುತ್ತದೆ. ಬದುಕಿದವರ ಪ್ರಾರ್ಥನೆ ದೇವರು ಕೇಳಿದ ಎಂದರು. ಹಾಗಾದರೆ ಸತ್ತ 158 ಜನರ ಪ್ರಾರ್ಥನೆ? ಅವರಲ್ಲಿ ಕ್ರೈಸ್ತರಿದ್ದರು, ಮುಸ್ಲಿಮರಿದ್ದರು, ಹಿಂದೂಗಳಿದ್ದರು. ಮೌನವಾಗಿ ತುಟಿ ಅಲುಗಿಸುತ್ತಿದ್ದವರು ಅವರಲ್ಲಿ ಎಷ್ಟು ಮಂದಿಯೋ. ಉಳಿದವರು ದೇವರಿಗೆ ಕೃತಜ್ಞತೆ ಹೇಳಲಿ, ಹೇಳಲೇಬೇಕು. ಆದರೆ ಅವರ ಉಳಿವನ್ನು ತೋರಿಸಿ ಸತ್ತವರ ವಿಶ್ವಾಸವನ್ನು ಅಳೆಯುವ ಹಕ್ಕು ಯಾರಿಗೂ ಇಲ್ಲ. 2025ರ ಜೂನ್ 12ರಂದು ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ವಿಮಾನ ಮೇಲೇರಿದ ಒಂದು ನಿಮಿಷದೊಳಗೆ ಬಿದ್ದಾಗ ಒಳಗಿದ್ದ 242 ಜನರಲ್ಲಿ ಒಬ್ಬರು ಮಾತ್ರ ಬದುಕುಳಿದರು. ನೆಲದ ಮೇಲೆ ವೈದ್ಯಕೀಯ ಕಾಲೇಜಿನ ಹಾಸ್ಟೆಲ್ಲಿನಲ್ಲಿ ಮಧ್ಯಾಹ್ನದ ಊಟಕ್ಕೆ ಕುಳಿತವರೂ ಸತ್ತರು. ಅವರು ವಿಮಾನ ಹತ್ತಿದವರೇ ಅಲ್ಲ. ಲೂಕನ ಶುಭಸಂದೇಶದ 13ನೇ ಅಧ್ಯಾಯವನ್ನು ತೆಗೆದು ನೋಡಿ. ಸಿಲೋವಾಮಿನ ಗೋಪುರ ಕುಸಿದು ಹದಿನೆಂಟು ಜನ ಸತ್ತ ಸುದ್ದಿಯನ್ನು ಯೇಸುಸ್ವಾಮಿಯೇ ಎತ್ತುತ್ತಾರೆ. ಜೆರುಸಲೇಮಿನ ಉಳಿದ ಜನರಿಗಿಂತ ಅವರು ಹೆಚ್ಚು ಪಾಪಿಗಳಾಗಿದ್ದರೋ ಎಂದು ಕೇಳಿ, ಇಲ್ಲ ಎಂದು ತಾವೇ ಸ್ಪಷ್ಟವಾಗಿ ಹೇಳುತ್ತಾರೆ.

ಪ್ರಯಾಣಕ್ಕೆ ಮುಂಚೆ 91ನೇ ಕೀರ್ತನೆಯನ್ನು ಓದುವ ಒಳ್ಳೆಯ ವಾಡಿಕೆ ನಮ್ಮಲ್ಲಿದೆ. ದೇವದೂತರು ನಮ್ಮನ್ನು ಕೈಗಳಲ್ಲಿ ಎತ್ತಿ ಕಾಯುವರು ಎಂಬ ಭರವಸೆ ಅದರಲ್ಲಿದೆ. ಓದಿ, ಮನಸ್ಸಿಗೆ ಬಲ ಬರುತ್ತದೆ. ಆದರೆ ಇದೇ ಕೀರ್ತನೆಯನ್ನು ಬಾಯಿಪಾಠ ಮಾಡಿದ್ದ ಇನ್ನೊಬ್ಬನಿದ್ದಾನೆ. ದೇವಾಲಯದ ಶಿಖರದ ಮೇಲೆ ಯೇಸುವನ್ನು ನಿಲ್ಲಿಸಿ, ಕೆಳಗೆ ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಎಂದು ಸೈತಾನನು ಎತ್ತಿ ಹೇಳಿದ್ದು ಇದನ್ನೇ. ಯೇಸು ಒಪ್ಪಲಿಲ್ಲ. ದೇವರ ವಾಕ್ಯವನ್ನು ಇನ್ಶೂರೆನ್ಸ್ ಕಾಗದದಂತೆ ಹಿಡಿದುಕೊಂಡು, ಇಷ್ಟು ಪ್ರಾರ್ಥಿಸಿದ್ದೇನೆ, ಇನ್ನು ವಿಮಾನ ಅಲುಗಕೂಡದು ಎಂದು ಕರಾರು ಹಾಕುವುದು ವಿಶ್ವಾಸವಲ್ಲ, ದೇವರನ್ನು ಪರೀಕ್ಷಿಸುವುದು. ಹೀಗೆ ಕರಾರು ಹಾಕಿದವರ ಭಯ ಇನ್ನೂ ಹೆಚ್ಚಾಗುವುದನ್ನು ನಾನು ನೋಡಿದ್ದೇನೆ. ಸ್ವಲ್ಪ ಕುಲುಕಿದರೂ ಸಾಕು, ಹರಕೆಯಲ್ಲಿ ಏನು ಕೊರತೆಯಾಯಿತೋ ಎಂದು ಲೆಕ್ಕ ಹಾಕತೊಡಗುತ್ತಾರೆ.

ಹಾಗಾದರೆ ವಿಶ್ವಾಸಿಯ ಭಯ ಹೇಗಿರುತ್ತದೆ? ಗೆತ್ಸೆಮನಿಯನ್ನು ನೆನೆಯಿರಿ. ಅಲ್ಲಿ ಪ್ರಭು ದಿಗಿಲುಗೊಂಡು ತಳಮಳಿಸಿದರೆಂದು ಮಾರ್ಕನು ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಪಾಪವೇ ಇಲ್ಲದವರು ಭಯಪಟ್ಟರೆಂದ ಮೇಲೆ ಭಯವನ್ನು ಪಾಪವೆಂದು ಕರೆಯುವುದು ಹೇಗೆ? ಅವರು ತಮ್ಮ ಭಯವನ್ನು ಬಚ್ಚಿಡಲೂ ಇಲ್ಲ. ತಂದೆಗೆ ಹೇಳಿದರು, ಜೊತೆಗೆ ಮೂವರು ಶಿಷ್ಯರನ್ನು ಕರೆದುಕೊಂಡು ಹೋಗಿ, ತಮ್ಮ ಪ್ರಾಣ ಎಷ್ಟು ದುಃಖದಲ್ಲಿದೆ ಎಂದು ಅವರಿಗೂ ಹೇಳಿದರು. ಪಾಪ, ಆ ಮೂವರು ನಿದ್ದೆ ಮಾಡಿಬಿಟ್ಟರು, ಅದು ಬೇರೆ ಮಾತು.

ಭಯವನ್ನು ಬಚ್ಚಿಡುವುದರಿಂದ ಏನಾಗುತ್ತದೆ ಎಂಬುದಕ್ಕೆ ಒಂದು ಸಂಗತಿ ಹೇಳುತ್ತೇನೆ. ಇದು ಪಾಪನಿವೇದನೆಯಲ್ಲಿ ಕೇಳಿದ್ದಲ್ಲ, ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಕೇಳಿದ್ದು. ಬರೆಯಲು ಅವರ ಒಪ್ಪಿಗೆಯೂ ಇದೆ. ನಿವೃತ್ತ ಮೇಷ್ಟ್ರು, ಒಂದಿಷ್ಟು ಅಡಿಕೆ ತೋಟ. ಮಗಳು ಮಸ್ಕತ್ತಿನಲ್ಲಿ. ಅವಳ ಚೊಚ್ಚಲ ಮಗುವಿಗೆ ಅಲ್ಲಿನ ರುವಿಯ ಚರ್ಚಿನಲ್ಲಿ ಜ್ಞಾನಸ್ನಾನ, ಅಪ್ಪ ಅಮ್ಮ ಬರಲೇಬೇಕೆಂದು ಮಗಳ ಹಟ. ಅಮ್ಮ ಹೋದರು. ಮೇಷ್ಟ್ರು ಮೊದಲು ಅಡಿಕೆ ಕೊಯ್ಲು ಎಂದರು, ಆಮೇಲೆ ಬಿ.ಪಿ. ಎಂದರು, ಮರುವರ್ಷ ಪಾಸ್‌ಪೋರ್ಟಿನ ಅವಧಿ ಮುಗಿದಿದೆ ಎಂದರು. ಮಗಳು ಮದುವೆಯಾದದ್ದು ತಾನೇ ಮೆಚ್ಚಿದ ಹುಡುಗನನ್ನು, ಅಪ್ಪ ಅರೆಮನಸ್ಸಿನಿಂದ ಒಪ್ಪಿದ್ದರು. ಆಕೆ ಕಂಡುಕೊಂಡ ಅರ್ಥ ಒಂದೇ: "ಅಪ್ಪನಿಗೆ ಇನ್ನೂ ನನ್ನ ಮೇಲಿನ ಸಿಟ್ಟು ಹೋಗಿಲ್ಲ." ಫೋನು ಕಡಿಮೆಯಾಯಿತು. ನಾಲ್ಕು ವರ್ಷ ಹೀಗೇ ಕಳೆಯಿತು. ಇತ್ತ ಮೇಷ್ಟ್ರು ಪ್ರತಿ ರಾತ್ರಿ ಮೊಮ್ಮಗಳ ಫೋಟೋ ನೋಡಿಯೇ ಮಲಗುತ್ತಿದ್ದರು.

ಇಲ್ಲಿ ಯಾವುದು ತಪ್ಪು? ವಿಮಾನಕ್ಕೆ ಹೆದರಿದ್ದು ತಪ್ಪಲ್ಲ. ಹೋಗದೆ ಉಳಿದದ್ದು ಕೂಡ ದೊಡ್ಡ ತಪ್ಪೆಂದು ನಾನು ಹೇಳಲಾರೆ. ಮರ್ಯಾದೆಗೆ ಅಂಜಿ ಹೇಳಿದ ಆ ಸಣ್ಣ ಸಣ್ಣ ಸುಳ್ಳುಗಳು ಮಾತ್ರ ಒಂದು ಮನೆಯನ್ನು ಎರಡಾಗಿ ಸೀಳಿದವು. ಭಯಕ್ಕಿಂತ ಹೆಚ್ಚಾಗಿ, ಭಯಸ್ಥನೆನ್ನಿಸಿಕೊಳ್ಳುವ ಭಯ ಕೆಟ್ಟದ್ದು. ಕೊನೆಗೆ ಒಂದು ದಿನ ಅವರು ಫೋನಿನಲ್ಲಿ, "ಮಗಳೇ, ನನಗೆ ವಿಮಾನ ಅಂದ್ರೆ ಹೆದರಿಕೆ ಕಣೇ" ಅಂದರಂತೆ. ಆ ಕಡೆಯಿಂದ ಬಹಳ ಹೊತ್ತು ಮಾತೇ ಇರಲಿಲ್ಲವಂತೆ. "ಇಷ್ಟೇನಾ ಅಪ್ಪ?" ಅಂದಳಂತೆ ಮಗಳು, ಅಳುತ್ತಾ. ಮೇಷ್ಟ್ರು ಇನ್ನೂ ಮಸ್ಕತ್ತಿಗೆ ಹೋಗಿಲ್ಲ. ಈಗ ಮಗಳೇ ವರ್ಷಕ್ಕೊಮ್ಮೆ ಬರುತ್ತಾಳೆ.

ಹೋಗಲೇಬೇಕೇ ಬೇಡವೇ ಎಂಬುದನ್ನು ಹೇಗೆ ತೀರ್ಮಾನಿಸುವುದು? ಎಲ್ಲರಿಗೂ ಒಂದೇ ಉತ್ತರವಿಲ್ಲ. ಊರು ನೋಡುವ ಪ್ರವಾಸವಾದರೆ ಬಿಡಿ, ರೈಲಿನಲ್ಲಿ ವೇಲಾಂಕಣಿಗೆ ಹೋಗಿಬನ್ನಿ. ಹೆರಿಗೆಗೆ ಒಬ್ಬಂಟಿಯಾಗಿರುವ ಮಗಳು, ಆಸ್ಪತ್ರೆಯಲ್ಲಿರುವ ಮಗ ಎಂದಾಗ ಅಲ್ಲಿ ಕಾಯುತ್ತಿರುವವರ ಅಗತ್ಯವನ್ನು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಟ್ಟು ನೋಡಬೇಕಾಗುತ್ತದೆ. ಭಯದ ಮಾತು ಕೇಳುವುದೇ ಯಾವಾಗಲೂ ಸುರಕ್ಷಿತ ದಾರಿ ಎಂದೂ ತಿಳಿಯಬೇಡಿ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದಲ್ಲಿ ಬಹಳ ಜನ ವಿಮಾನ ಬಿಟ್ಟು ಕಾರಿನಲ್ಲಿ ದೂರ ಪ್ರಯಾಣ ಮಾಡತೊಡಗಿದರು. ಮುಂದಿನ ಒಂದು ವರ್ಷದಲ್ಲಿ ಇದರಿಂದಾಗಿಯೇ ರಸ್ತೆಗಳಲ್ಲಿ ಸುಮಾರು 1,500 ಜನ ಹೆಚ್ಚಾಗಿ ಸತ್ತರೆಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗೆರೆಂಜರ್ ಲೆಕ್ಕ ಹಾಕಿದ್ದಾರೆ. ಇನ್ನೊಂದು ಅಪಾಯವೂ ಇದೆ. ಟಿಕೆಟ್ ರದ್ದು ಮಾಡಿದ ಕೂಡಲೇ ಮನಸ್ಸು ಹಗುರಾಗುತ್ತದೆ. ಆ ಹಗುರವೇ ಮುಂದಿನ ಸಲದ ಭಯಕ್ಕೆ ಗೊಬ್ಬರ. ಭಯ ಅಷ್ಟು ಬಲವಾಗಿದ್ದರೆ ಮನೋವೈದ್ಯರ ಬಳಿ ಹೋಗುವುದರಲ್ಲಿ ನಾಚಿಕೆಯೇನಿಲ್ಲ. ಹೆದರಿಕೆಯ ವಸ್ತುವನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸಲು ಕಲಿಸುವ ಚಿಕಿತ್ಸೆ ಇದೆ, ಬಹಳ ಜನರಿಗೆ ಗುಣವಾಗಿದೆ. ಬಿಯರು, ವಿಸ್ಕಿ ಆ ಚಿಕಿತ್ಸೆಯಲ್ಲಿ ಸೇರಿಲ್ಲ.

ಹೊರಟವರಿಗೆ ತೋಮಸರ ಇನ್ನೊಂದು ಮಾತನ್ನು ಕಟ್ಟಿಕೊಡುತ್ತೇನೆ. ಧೈರ್ಯ ಎಂದರೆ ಮೇಲೆ ಬೀಳುವುದು, ಹೋರಾಡುವುದು ಎಂದು ನಾವು ತಿಳಿದಿರುತ್ತೇವೆ. ಅವರು ಹಾಗೆ ಹೇಳುವುದಿಲ್ಲ. ಆಕ್ರಮಣಕ್ಕಿಂತ ಸಹಿಸಿ ನಿಲ್ಲುವುದೇ ಧೈರ್ಯದ ಮುಖ್ಯ ಕಾರ್ಯ ಎನ್ನುತ್ತಾರೆ. ಸೀಟಿಗೆ ಕಟ್ಟಿಸಿಕೊಂಡು, ಮಾಡಲು ಏನೂ ಇಲ್ಲದೆ, ಕೊಲ್ಲಿಯವರೆಗೆ ಮೂರೂವರೆ ನಾಲ್ಕು ಗಂಟೆ ಕೂರುವ ಆ ತಾಯಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಬೆವರಿದ ಅಂಗೈಯಲ್ಲಿ ಜಪಮಾಲೆ, ಕೈಚೀಲದಲ್ಲಿ ಬಾಣಂತಿಗೆಂದು ಮಾಡಿದ ಲೇಹ್ಯ. ಕೈ ನಡುಗುತ್ತಿದೆ, ಆದರೂ ಕುಳಿತಿದ್ದಾಳೆ. ಇದಕ್ಕಿಂತ ಒಳ್ಳೆಯ ಉದಾಹರಣೆ ಆ ಮಹಾಗ್ರಂಥಕ್ಕೂ ಸಿಗುತ್ತಿರಲಿಲ್ಲ.

ಕೆಲವು ಸಣ್ಣ ವಿಷಯಗಳು. ರೆಕ್ಕೆಯ ಹತ್ತಿರದ ಸೀಟು ಕೇಳಿ, ಅಲ್ಲಿ ಕುಲುಕಾಟ ಕಡಿಮೆ. ಒಳಗೆ ಹೋದ ಕೂಡಲೇ ಗಗನಸಖಿಗೆ ಹೇಳಿಬಿಡಿ, ನನಗೆ ಹೆದರಿಕೆಯಾಗುತ್ತದೆ ಎಂದು. ಅವರಿಗೆ ಇದು ದಿನದ ಅನುಭವ, ನಗುವುದಿಲ್ಲ. ಇಳಿಯುವಾಗ ಕಿವಿ ನೋವು ಬರುತ್ತದೆ, ಬಾಯಲ್ಲಿ ಪೆಪ್ಪರಮೆಂಟು ಇಟ್ಟುಕೊಂಡು ಉಗುಳು ನುಂಗುತ್ತಿರಿ. ಉಸಿರನ್ನು ನಿಧಾನವಾಗಿ ಬಿಡಿ. ಜಪಸರವನ್ನು ಅವಸರದಲ್ಲಿ ಮುಗಿಸಬೇಡಿ, ಒಂದೊಂದು ಮಣಿಯನ್ನೂ ಉಸಿರಿನ ಜೊತೆಗೆ ಸಾಗಿಸಿ. ಮನೆಯವರು ವಿಮಾನ ನಿಲ್ದಾಣದ ಬಾಗಿಲಲ್ಲಿ ಅಂಕಿ ಅಂಶಗಳ ಭಾಷಣ ಮಾಡುವ ಬದಲು ಕೈ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ ಉಪಕಾರವಾದೀತು.

ವಿಮಾನ ಪ್ರಯಾಣಿಕರನ್ನು ಧರ್ಮಸಭೆ ಮರೆತಿಲ್ಲ. 1920ರಲ್ಲಿ ಹದಿನೈದನೇ ಬೆನೆಡಿಕ್ಟ್ ಜಗದ್ಗುರುಗಳು ಲೊರೆಟ್ಟೊ ಮಾತೆಯನ್ನು ವಿಮಾನ ಚಾಲಕರ ಪಾಲಕಿಯಾಗಿ ಘೋಷಿಸಿದರು. ನಜರೇತಿನ ಮಾತೆಯ ಮನೆಯನ್ನು ದೇವದೂತರು ಆಕಾಶಮಾರ್ಗವಾಗಿ ಇಟಲಿಯ ಲೊರೆಟ್ಟೊಗೆ ಹೊತ್ತು ತಂದರೆಂಬ ಐತಿಹ್ಯವೇ ಇದಕ್ಕೆ ಕಾರಣ. ಬಂಟ್ವಾಳದ ಹತ್ತಿರ ಅದೇ ಮಾತೆಯ ಹೆಸರಿನ ದೇವಾಲಯ ನಮ್ಮಲ್ಲೂ ಇದೆ. ಪ್ರಯಾಣಿಕರ ಮೇಲೆ ಗುರುಗಳು ಹೇಳುವ ಆಶೀರ್ವಾದದ ಪ್ರಾರ್ಥನೆಯೂ ನಮ್ಮ ಗ್ರಂಥಗಳಲ್ಲಿದೆ, ಐದು ನಿಮಿಷ ಸಾಕು. ಕೇಳಲು ಸಂಕೋಚಪಡಬೇಡಿ. ಹೊರಡುವ ಹಿಂದಿನ ದಿನ ಸಂಜೆ ಬನ್ನಿ, ಟ್ಯಾಕ್ಸಿಯನ್ನು ಚರ್ಚಿನ ಗೇಟಿನಲ್ಲಿ ಹಾರ್ನ್ ಹೊಡೆಸುತ್ತಾ ನಿಲ್ಲಿಸಿ ಓಡಿ ಬರಬೇಡಿ. ಹೆದರಿಕೆಯಾಗುತ್ತಿದ್ದರೆ ಅದನ್ನೂ ಹೇಳಿ. ಅದನ್ನೂ ಸೇರಿಸಿಯೇ ಪ್ರಾರ್ಥಿಸೋಣ.